ಏಳನೆಯ ಸಂತೆ

ತಿಂಗಳ ಎರಡನೆಯ ಮಂಗಳವಾರ ಅಂತ
ಆಸ್ಪತ್ರೆಯ ಚೀಟಿಯಲ್ಲಿ ಬರೆದಿತ್ತು.
ಮಂಗಳವಾರ ನನಗೇನು ಗೊತ್ತು?
ಕೇಟಾದಲ್ಲಿ ನಾನು ಬಲ್ಲದ್ದು ಸಂತೆಯ ದಿನ ಒಂದೇ,
ವಾರದ ಹಂಗಿಲ್ಲದೆ
ನಾಲ್ಕು ದಿನಕ್ಕೊಮ್ಮೆ ಬರುವಂಥದ್ದು.

ಎರಡು ವರ್ಷ ಹೋಗಲಿಲ್ಲ.
ಹೋಗಿ ಹೇಳುವುದಾದರೂ ಏನು?
ತಲೆ ನೋಯುತ್ತಿರಲಿಲ್ಲ, ಕಾಲು ನಡೆಯುತ್ತಿತ್ತು,
ಹಿನ್ನೀರು ಬತ್ತಿದ ಕಡೆ ಕುಕ್ಕರುಗಾಲಲ್ಲಿ ಕೂತು
ಬಿಸಿಲೇರುವವರೆಗೆ ಉಪ್ಪು ಕೆರೆಯುತ್ತಿದ್ದೆ.
ನೋವಿಲ್ಲದ ರೋಗವೆಂದರೆ ಸಾಲ ಕೊಟ್ಟ ಸಾಹುಕಾರ,
ಬಾಗಿಲು ಬಡಿಯುವವರೆಗೆ ಅವನು ಇಲ್ಲ.

ಅಗ್ಬೆಕೊನ ಬಾಗಿಲು ಬಡಿಯಿತು.
ಬಲೆ ಎಳೆಯುತ್ತಿದ್ದವನ ಬಲಗೈ
ಅವನನ್ನು ಕೇಳದೆಯೇ ಹಗ್ಗ ಬಿಟ್ಟಿತು.
ಬಾಯಿ ಒಂದು ಕಡೆಗೆ ಜಾರಿ
ಹೆಂಡತಿಯ ಹೆಸರು ಅರ್ಧ ಹೇಳಿದ.
ಉಳಿದರ್ಧಕ್ಕೆ ಅವಳು ಇನ್ನೂ ಕಾಯುತ್ತಿದ್ದಾಳೆ.

ಅದಕ್ಕೆ ಹೆದರಿ ಹೋದೆ ಅಂದರೆ ಸುಳ್ಳಾದೀತು.
ಹೆದರಿಕೆ ಎರಡು ಸಂತೆ ಬಾಳಿತು,
ಮೂರನೆಯದಕ್ಕೆ ಒಣಮೀನಿನ ಬೆಲೆಯಷ್ಟೇ ನೆನಪಿತ್ತು.

ಆಮೇಲೆ ನರ್ಸ್ ಸೆಸಿಮೆ
ಮೆಷಿನ್ನು ಚೀಲಕ್ಕೆ ಹಾಕಿಕೊಂಡು ಸಂತೆಗೇ ಬಂದಳು.
ನನ್ನ ಉಪ್ಪಿಗೂ ಅಕ್ಪೆನೆಯ ಮೆಣಸಿನಕಾಯಿಗೂ ನಡುವೆ
ಬೇವಿನ ನೆರಳಲ್ಲಿ ಸ್ಟೂಲು ಹಾಕಿದಳು.
ಮೊದಲು ಉಪ್ಪಿನ ಬೆಲೆ ಕೇಳಿದಳು,
ನಾಚಿಕೆಯಿಲ್ಲದೆ ಚೌಕಾಶಿ ಮಾಡಿದಳು,
ಆಮೇಲೆ ತೋಳು ಕೇಳಿದಳು.
ಪಟ್ಟಿ ಉಬ್ಬಿತು, ಬಿಗಿಯಿತು, ನಿಟ್ಟುಸಿರು ಬಿಟ್ಟಿತು.
ನೂರ ಎಪ್ಪತ್ತೆಂಟು.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಮಾರಿದವಳು?

ಎರಡು ವರ್ಷ ಎಲ್ಲಿ ಸತ್ತಿದ್ದೆ ಅಂತ ಅವಳು ಕೇಳಲಿಲ್ಲ.
ಅದೊಂದಕ್ಕೆ ನಾನು ಅವಳ ಋಣಿ.
"ಮಂಗಳವಾರ ಬಿಡು, ಕಫೂಯಿ.
ಏಳನೆಯ ಸಂತೆಗೆ ತೋಳು ಕೊಡು" ಅಂದಳು.

ಅಂದಿನಿಂದ ಉಟ್ಟ ಬಟ್ಟೆಯ ಅಂಚಿನಲ್ಲಿ
ಸಂತೆಗೊಂದು ಗಂಟು.
ಆರಾದಾಗ ಅಕ್ಪೆನೆ ನೆನಪಿಸುತ್ತಾಳೆ.
ಅವಳ ಬಾಯಲ್ಲಿ ನೆನಪಿಸುವುದೆಂದರೆ ಬಯ್ಯುವುದೇ.
ಒಮ್ಮೆ ಮಾತ್ರೆ ಬಂದಿರಲಿಲ್ಲ,
"ಬರಿಗೈಲಿ ಬರ್ತೇನೆ, ಆದರೂ ಇರು"
ಅಂತ ಹಿಂದಿನ ದಿನವೇ ಫೋನು.
ಇದ್ದೆ. ಬರಿಗೈ ಅಂತ ಮುಂಚೆಯೇ ಹೇಳಿದವಳನ್ನು
ಬರಿಗೈಲಿ ಕಳಿಸಲು ಮನಸ್ಸಾಗಲಿಲ್ಲ,
ಒಂದು ಬಟ್ಟಲು ಉಪ್ಪು ಕೊಟ್ಟೆ.
ಅವಳು ನಕ್ಕು ವಾಪಸು ಸುರಿದಳು.

ಇವತ್ತು ಏಳನೆಯದು.
ಅಗ್ಬೆಕೊ ಬಂದಿದ್ದಾನೆ, ಹೆಂಡತಿಯ ಹೆಗಲು ಹಿಡಿದು,
ಎಡತೋಳು ಕೊಟ್ಟು ಕೂತಿದ್ದಾನೆ.
ಅಕ್ಪೆನೆಯ ಜಾಗ ಖಾಲಿ.
ಮೆಣಸಿನ ಘಾಟಿಲ್ಲದ ಗಾಳಿ ಮೂಗಿಗೆ ಹೊಸತು.
ಹತ್ತು ಗಂಟೆ. ಹನ್ನೊಂದು.
ಸೆಸಿಮೆ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ
ಪೆನ್ನು ಊರಿ, ಬರೆಯದೆ, ನನ್ನನ್ನು ನೋಡಿದಳು.

ನಾನು ಎದ್ದೆ.
ಬಯ್ಗುಳಗಳನ್ನು ದಾರಿಯಲ್ಲಿ ಪೋಣಿಸಿಕೊಂಡರಾಯಿತು.
"ಉಪ್ಪು ನೋಡಿಕೋ" ಅಂದೆ ನರ್ಸಿಗೆ,
"ಅವಳನ್ನು ಎಳೆದುಕೊಂಡು ಬರುತ್ತೇನೆ.
ಬೆಲೆ ಮಾತ್ರ ಇಳಿಸಬೇಡ."