ಎರಡು ಗಂಟೆಯ ಗುಳಿಗೆ

ಬ್ಯಾಡ್ಮಿಂಟನ್ ಕೋರ್ಟಿನ ಬಿಳಿ ಗೆರೆಗಳ ಮೇಲೆ
ಮಡಚುವ ಮೇಜು ನಾಲ್ಕು, ಚಹಾದ ಹಂಡೆ ಒಂದು.
ಫ್ಲೀಟ್‌ವುಡ್ಡಿನ ಈ ಹಾಲಿನಲ್ಲಿ ಇವತ್ತು, ಶನಿವಾರ,
ಹತ್ತರಿಂದ ಐದೂವರೆ ತನಕ ಕಲೆ;
ಆರಕ್ಕೆ ಮತ್ತೆ ಆಟ.
ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಸಮಿತಿಯ ಕಟ್ಟಪ್ಪಣೆ.
ಅದಕ್ಕೇ ಸೂರಿನಿಂದ ಗಾಳದ ದಾರ ಇಳಿಬಿಟ್ಟು
ತೂಗುಹಾಕಿದ್ದಾರೆ ಚಿತ್ರಗಳನ್ನು.
ಬಾಗಿಲು ತೆರೆದಾಗಲೆಲ್ಲ ಕಡಲಗಾಳಿ ನುಗ್ಗಿ
ಇಡೀ ಪ್ರದರ್ಶನ ಒಮ್ಮೆ ಎಡಕ್ಕೆ ವಾಲಿ
ನಿಧಾನ ನೆಟ್ಟಗಾಗುತ್ತದೆ.

ನನಗೆ ಚಿತ್ರಕಲೆ ತಿಳಿಯದು.
ಗೊತ್ತಿರುವುದು ಕೈಗಳು.
ಹನ್ನೊಂದು ವರ್ಷದಿಂದ ಈ ಊರಿನ ಮನೆಮನೆ ಹೊಕ್ಕು
ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಸಕ್ಕರೆ ಅಳೆದು ಬರುವವಳು.
ನರ್ಸಿನ ನೀಲಿ ಅಂಗಿಯಿಲ್ಲದೆ ಬಂದರೆ
ಅರ್ಧ ಜನ ಗುರುತೇ ಹಿಡಿಯುವುದಿಲ್ಲ.

ಚೀಟಿ ಓದದೆಯೇ ಹೇಳಬಲ್ಲೆ:
ಈ ಕಸೂತಿ ಮುರಿಯಲ್ ಕ್ಯಾಟರಾಲಳದು,
ತೋರುಬೆರಳಿನ ತುದಿಯನ್ನು ಮೀನಿನ ಕಾರ್ಖಾನೆಗೆ ಬಿಟ್ಟುಕೊಟ್ಟವಳು.
ಎಡಕ್ಕೆ ಹೋಗುವ ಹೊಲಿಗೆಯೆಲ್ಲ ಕೊಂಚ ಸಡಿಲ.
ಆ ಮಣ್ಣಿನ ಬಟ್ಟಲು, ಟ್ರಾಮ್ ಓಡಿಸುತ್ತಿದ್ದ ರೆಗ್‌ನವು.
ಅಷ್ಟಗಲದ ಹೆಬ್ಬೆಟ್ಟು ಇನ್ನಾರದು?
ಒಂದಕ್ಕೆ ನಾಲ್ಕು ಪೌಂಡು. ಒಂದು ಸೋರುತ್ತದೆ;
"ಸೋರುತ್ತದೆ" ಎಂದೇ ಬರೆದು ಅಂಟಿಸಿದ್ದಾನೆ,
ಅದಕ್ಕೆ ಆರು.

ಹದಿನೈದರ ಟೆಗನ್ ಮಾತ್ರ ನನಗೆ ಹೊಸಬಳು.
ಕರೆಂಟು ಬಿಲ್ಲಿನ ಲಕೋಟೆಗಳ ಬೆನ್ನಿಗೆ
ನಿದ್ದೆಹೋದ ಅಜ್ಜಿಯನ್ನು ಮೂವತ್ತು ಸಲ ಬರೆದಿದ್ದಾಳೆ.
ಅಜ್ಜಿ ನನಗೆ ಗೊತ್ತು. ಆ ಕುರ್ಚಿ ಗೊತ್ತು.
ಹಿಮ್ಮಡಿಯ ಪಟ್ಟಿ ನಾನೇ ಕಟ್ಟಿದ್ದು.
ಸುತ್ತು ತಪ್ಪಾಗಿ ಬರೆದಿದ್ದಾಳೆ,
ಅಥವಾ ಅವತ್ತು ನಾನೇ ತಪ್ಪು ಸುತ್ತಿದ್ದೆನೋ.

ಕೊನೆಯ ದಾರಕ್ಕೆ, ಚಹಾ ಕೊಡುವ ಕಿಂಡಿಯ ಪಕ್ಕ,
ವಿಲ್ಫ್ ಥ್ರೆಲ್ಫಾಲ್: ಟ್ರಾಲರಿನ ಅಡುಗೆಯವ.
ಎರಡೇ ಚಿತ್ರ.
ಒಂದರಲ್ಲಿ ಬಂದರು. ಕಂಬಗಳೆಲ್ಲ ಸ್ಕೇಲಿಟ್ಟು ಎಳೆದಂತೆ,
ನೀರಿಗೆ ಇಸ್ತ್ರಿ ಹಾಕಿದ ಹಾಗೆ.
ಯಾರೂ ನಿಲ್ಲುವುದಿಲ್ಲ ಅಲ್ಲಿ.

ಇನ್ನೊಂದರ ಮುಂದೆ ಗುಂಪು.
ಐಸ್‌ಲೆಂಡಿನ ಆಚೆ, ನಡುರಾತ್ರಿ, ಹಡಗಿನ ಅಡುಗೆಮನೆ,
ಒಲೆಗೆ ಸರಪಳಿಯಿಂದ ಬಿಗಿದ ಪಾತ್ರೆ,
ದುಂಡು ಕಿಟಕಿಯ ತುಂಬ ಎದ್ದು ನಿಂತ ಅಲೆ.
ಒಂದು ಗೆರೆಯೂ ಒಂದೆಡೆ ನಿಂತಿಲ್ಲ;
ಕುದಿಯುತ್ತದೆ, ಗದಗುಟ್ಟುತ್ತದೆ, ತನ್ನನ್ನೇ ಮತ್ತೆ ಮತ್ತೆ ಗೀಚಿಕೊಳ್ಳುತ್ತದೆ.
"ನೀರಿನ ನಡುಕ ಹೇಗೆ ಹಿಡಿದಿದ್ದಾರೆ ನೋಡಿ!"
ಎಂದರು ಕೌನ್ಸಿಲ್ಲಿನ ಮೇಡಂ, ಕನ್ನಡಕ ಹಣೆಗೇರಿಸಿ.
ಕೆಂಪು ಚುಕ್ಕೆ ಅಂಟಿತು ಚೌಕಟ್ಟಿಗೆ. ಎಂಬತ್ತು ಪೌಂಡು.

ವಿಲ್ಫ್ ನನ್ನತ್ತ ಕಣ್ಣು ಹೊಡೆದ.
ಬಳಿ ಬಂದು, ಉಸಿರಲ್ಲೇ:
"ಎರಡು ಗಂಟೆಯ ಗುಳಿಗೆ ನುಂಗಿದರೆ ಬಂದರು ಬರುತ್ತೆ.
ನುಂಗದಿದ್ದರೆ ಸಮುದ್ರ."

ಓಹೋ.
ವಾರದ ಡಬ್ಬಿಯಲ್ಲಿ ಗುರುವಾರದ ಗೂಡಿಗೆ ಮಾತ್ರ
ಒಂದು ಹಳದಿ ಗುಳಿಗೆ ಉಳಿಯುವುದೇಕೆಂದು
ತಿಂಗಳಿಂದ ತಲೆ ಕೆರೆದುಕೊಂಡಿದ್ದೆ.
"ಮರೆತೆ" ಎನ್ನುತ್ತಿದ್ದ. "ಮರೆತರು" ಎಂದು ನಾನೂ ಬರೆಯುತ್ತಿದ್ದೆ.
ಬೈಗುಳ ನಾಲಿಗೆಯ ತುದಿಗೆ ಬಂತು,
ಬಂದದ್ದು ಕನ್ನಡದಲ್ಲಿ, ಮುಖ ಸುಡುವ ಹಾಗೆ;
ಅರ್ಥವಾದವನಂತೆ ತಲೆ ಬಗ್ಗಿಸಿ
ಚಹಾ ಕೇಳಿದ. ಅರ್ಧ ಕಪ್ಪು, ಎಂದಿನಂತೆ.
ಆ ಅರ್ಧವೂ ಅಂಚಿನ ತನಕ ಹತ್ತಿ ಇಳಿಯುತ್ತಿತ್ತು.

ಐದೂವರೆಗೆ ದಾರ ಬಿಚ್ಚಿದರು.
ರಾಕೆಟ್ಟು ಹಿಡಿದು ಬಾಗಿಲಲ್ಲಿ ಕಾದಿದ್ದ ಇಬ್ಬರು ಹುಡುಗರು
ಅಲೆಯನ್ನು ಎತ್ತಿ ವ್ಯಾನಿಗೆ ದಾಟಿಸಿದರು,
ತುಳುಕೀತೆಂದು ಹೆದರಿ ಕೊಡ ಒಯ್ಯುವವರ ಹಾಗೆ.
ಉಳಿದದ್ದನ್ನು ಹಳೆಯ ಪೇಪರಿನಲ್ಲಿ ಸುತ್ತಿ
ನನ್ನ ಕೈಗಿಟ್ಟ ವಿಲ್ಫ್:
"ಇದು ನೀನು ಬರೆದದ್ದು. ನೀನೇ ಇಟ್ಟುಕೋ."

ಬಂದರು ಈಗ ಕಾರಿನ ಮುಂದಿನ ಸೀಟಿನಲ್ಲಿ
ಬೆಲ್ಟು ಹಾಕಿಕೊಂಡು ಕೂತಿದೆ, ಅಲುಗದೆ.
ಸೋಮವಾರದ ಹಾಳೆಯಲ್ಲಿ "ಕಾರಣ" ಎಂಬ ಕಾಲಂ ಇದೆ,
ಅರ್ಧ ಇಂಚು ಅಗಲ.