ಬೇಗ ಒಣಗುವ ದೇಶ

ಜುಲೈಯಲ್ಲಿ ಪರೇಲಿನಲ್ಲಿ ಒಂದು ಟವೆಲ್ ಒಣಗಲು
ಮೂರು ದಿನ, ಒಂದು ಫ್ಯಾನು, ನಾಲ್ಕು ಬೈಗುಳ ಬೇಕು.
ಜೀನ್ಸಿನ ಮಾತೇ ಬೇಡ.
ಸೊಂಟಪಟ್ಟಿಯೊಳಗೆ ಕೂತ ನೀರು
ಬಾಡಿಗೆ ಕೊಡದ ಬಿಡಾರದವನ ಹಾಗೆ
ಏಳುವುದೇ ಇಲ್ಲ.

ಮೂವತ್ತೊಂದು ಮಳೆಗಾಲ ಹೀಗೇ ಹಿಂಡಿದ್ದೇವೆ, ನಾನೂ ವಾಮನರೂ.
ಈ ಸಲ ಇಸ್ತ್ರಿ ಮೇಜಿನ ಮೇಲೆ
ಯಾರದೋ ಬೆಡ್‌ಶೀಟು ಸರಿಸಿ ನಕ್ಷೆ ಬಿಡಿಸಿದೆ.
ನೇರ ಪಶ್ಚಿಮಕ್ಕೆ, ಇದೇ ಕಡಲಿನ ಆಚೆ ದಡ.
ಕಡಲು ಒಂದೇ.
ಈ ಕಡೆ ಗಟಾರ ಉಕ್ಕುತ್ತದೆ, ಆ ಕಡೆ ಮರಳು ಕಾಯುತ್ತದೆ.
"ವಿಮಾನದಲ್ಲಿ ಮೂರು ಗಂಟೆಯೂ ಇಲ್ಲ" ಎಂದೆ.
"ಮಸ್ಕತ್ತಿನಲ್ಲಿ ನಮಗೇನಿದೆ?" ಎಂದರು ವಾಮನರು,
ಕಾಲರಿಗೆ ನೀರು ಚಿಮುಕಿಸುತ್ತ.

ಏನಿದೆ ಅಂತ ಅವರಿಗೂ ಗೊತ್ತು.
ಮೇಲಿನ ಹಲಗೆಯಲ್ಲಿ, ಪ್ಲಾಸ್ಟಿಕ್ಕಿನೊಳಗೆ,
ಚೀಟಿ ನಂಬರು ನಾನೂರ ಹದಿನೇಳು.

ಹನ್ನೊಂದು ವರ್ಷದ ಹಿಂದೆ
ಆಸ್ಪತ್ರೆಯ ಬೆನ್ನಿಗಿರುವ ಲಾಡ್ಜಿನಲ್ಲಿ ಇಳಿದಿದ್ದರು ಒಬ್ಬರು,
ಹೆಂಡತಿಯ ಚಿಕಿತ್ಸೆಗೆ ಬಂದವರು.
ದಿನ ಬಿಟ್ಟು ದಿನ ತರುತ್ತಿದ್ದರು ಬಿಳಿ ನಿಲುವಂಗಿ.
ಕೊರಳ ಬಳಿ ಒಂದು ಪುಟ್ಟ ಕುಚ್ಚು, ಅತ್ತರಿನಲ್ಲಿ ಅದ್ದಿದ್ದು,
ಎಷ್ಟು ಸೋಡಾ ಹಾಕಿದರೂ ಹೋಗದ ಪರಿಮಳ.
ಹಿಂದಿಯಲ್ಲಿ ಹೇಳಿದ್ದರು:
"ನಮ್ಮಲ್ಲಿ ಹಗ್ಗದ ಈ ತುದಿಯಿಂದ ಬಟ್ಟೆ ಹಾಕುತ್ತ
ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗಿರುತ್ತದೆ, ತಂಗೀ."
ನಾನು ನಂಬಲಿಲ್ಲ.
ಈಗಲೂ ಅರ್ಧ ನಂಬಿಲ್ಲ.

ಒಂದು ಬುಧವಾರ ಕೊಟ್ಟುಹೋದರು.
ಶನಿವಾರ ಬರಲಿಲ್ಲ.
ಕೋಣೆ ಖಾಲಿ ಎಂದ ಲಾಡ್ಜಿನ ಹುಡುಗ.
ಅದರಾಚೆ ನಾವು ಕೇಳಲಿಲ್ಲ.
ವರ್ಷಕ್ಕೊಮ್ಮೆ, ನವರಾತ್ರಿಗೆ ಮೊದಲು,
ಆ ಅಂಗಿಯನ್ನು ಇಳಿಸಿ ಒಗೆದು ಮಡಚಿ ಇಡುತ್ತೇನೆ.
ಪರಿಮಳ ಹೋಗಿ ಬಹಳ ದಿನವಾಯಿತು.
ವಾಮನರು ಮಾತ್ರ ಇದೆ ಅನ್ನುತ್ತಾರೆ.

ಏಜೆಂಟ್ ಶಕೀಲ್ ಪರ್ಕಾರ್ ಒಳ್ಳೆಯವನೇ.
"ಮೌಶೀ, ಮಳೆಗಾಲದಲ್ಲಾದರೆ ಸಲಾಲಾಕ್ಕೆ ಹೋಗಿ,
ಆಗ ಅಲ್ಲಿ ತುಂತುರು, ಮಂಜು, ಹಸಿರು ಗುಡ್ಡ,
ಸುತ್ತಲಿನ ದೇಶದವರೆಲ್ಲ ನೆನೆಯಲಿಕ್ಕೆ ಬರುತ್ತಾರೆ."
ನೆನೆಯಲಿಕ್ಕೆ!
ದುಡ್ಡು ಕೊಟ್ಟು!
ಕುರ್ಚಿಯಿಂದ ಎದ್ದೇಬಿಟ್ಟೆ.
ಚಹಾ ತರಿಸಿ ಕೂರಿಸಿದ. ಜನವರಿ ಎಂದು ಬರೆದುಕೊಂಡ.

ಪಾಸ್‌ಪೋರ್ಟ್ ಕಚೇರಿಯಲ್ಲಿ ಗಾಜಿನ ಮೇಲೆ ಬೆರಳಿಟ್ಟೆ.
ಹಸಿರು ದೀಪ ಬರಲಿಲ್ಲ.
ಒರೆಸಿ ಇಟ್ಟೆ. ಒತ್ತಿ ಇಟ್ಟೆ. ಎಡಗೈ ಇಟ್ಟೆ.
"ಗೆರೆಗಳೇ ಇಲ್ಲವಲ್ಲ" ಎಂದಳು ಹುಡುಗಿ,
ನಾನೇ ಎಲ್ಲೋ ಬಿಟ್ಟು ಬಂದ ಹಾಗೆ.
ಬಿಟ್ಟು ಬಂದದ್ದು ನಿಜ:
ಡಾಕ್ಟರರ ಕೋಟುಗಳಲ್ಲಿ ಸ್ವಲ್ಪ,
ಮೂರನೇ ಮಾಳಿಗೆಯ ಸಾಠೆಯವರ ಧೋತರಗಳಲ್ಲಿ ಸ್ವಲ್ಪ,
ಆ ಒಂದು ಬಿಳಿ ಅಂಗಿಯಲ್ಲಿ ಹನ್ನೊಂದು ಸಲ.
ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು,
"ಮೂರು ದಿನ ಸೋಪು ಮುಟ್ಟಬೇಡಿ, ವ್ಯಾಸಲೀನ್ ಹಚ್ಚಿಕೊಂಡು ಬನ್ನಿ.
ಸ್ವಲ್ಪ ಏಳುತ್ತವೆ."

ಇಂದು ಎರಡನೇ ದಿನ.
ವಾಮನರು ಒಗೆಯುತ್ತಿದ್ದಾರೆ, ಕೆಟ್ಟದಾಗಿ.
ನಾನು ಸ್ಟೂಲಿನ ಮೇಲೆ,
ಜಿಡ್ಡುಗೈ ಮಡಿಲಲ್ಲಿ ಅಂಗಾತ ಇಟ್ಟುಕೊಂಡು
ಮಳೆ ನೋಡುತ್ತಿದ್ದೇನೆ.
ಸುಮ್ಮನೆ ಕೂತು ಮಳೆ ನೋಡಿದ್ದು ಯಾವಾಗಲೋ.
ನೋಡಿದರೆ ಅಷ್ಟು ಕೆಟ್ಟದ್ದೇನಲ್ಲ.

ಪೆನ್ನು ಜಾರುತ್ತದೆ; ನಾನು ಹೇಳುತ್ತೇನೆ,
ಅವರು ಕೈ ಒರೆಸಿ ಬಿಲ್ಲಿನ ಬೆನ್ನಿಗೆ ಬರೆಯುತ್ತಾರೆ.
ಎರಡು ಸೀರೆ. ಬಿ.ಪಿ. ಮಾತ್ರೆ.
ನಾನೂರ ಹದಿನೇಳು.
ಇಪ್ಪತ್ತಡಿ ನೈಲಾನ್ ಹಗ್ಗ.
"ಹಗ್ಗ ಯಾಕೆ?"
ಬರೀರಿ ನೀವು.
ಕ್ಲಿಪ್ಪು, ಒಂದು ಡಜನ್.