ಊದುಗೊಳವೆ

ಬಡ್ತಿಯ ಅರ್ಜಿಯ ಆರನೇ ಪುಟದಲ್ಲಿ
ಒಂದು ಚೌಕ: ಉಲ್ಲೇಖಗಳ ಒಟ್ಟು ಸಂಖ್ಯೆ.
ಇನ್ನೂರ ಹದಿನಾಲ್ಕು ಎಂದು ಬರೆದು
ಪೆನ್ನಿನ ಮುಚ್ಚಳ ಹಾಕದೆ ಕೂತಿದ್ದೇನೆ.
ಸೋಮವಾರದೊಳಗೆ ಮುಟ್ಟಿಸಬೇಕು.

ಅದರಲ್ಲಿ ನೂರ ಎಂಬತ್ತು ಒಂದೇ ಲೇಖನದ್ದು.
ರಾಯಚೂರಿನ ಹತ್ತಿ ಮಿಲ್ಲಿನ ಹೆಂಗಸರು, ಅವರ ಶ್ವಾಸಕೋಶ,
ಏಳು ಪುಟ, ನಾಲ್ಕು ಕೋಷ್ಟಕ.
ಈಜಿಪ್ಟಿನವರು ಓದಿದ್ದಾರೆ. ಉಜ್ಬೇಕಿಸ್ತಾನದ ಯಾರೋ
ಮೂರನೇ ಕೋಷ್ಟಕವನ್ನು ಹಾಗೇ ಎತ್ತಿ
ತಮ್ಮವರ ಪಕ್ಕ ಇಟ್ಟು ನೋಡಿ
ನಮ್ಮವರೇ ವಾಸಿ ಎಂದಿದ್ದಾರೆ.

ಆಗ ಜನವರಿ.
ಮಿಲ್ಲಿನ ಅಂಗಳದಲ್ಲಿ ಹತ್ತಿಯ ಗುಡ್ಡ,
ಗುಡ್ಡದ ಮೇಲೆ ಒಂದು ನಾಯಿಯ ನಿದ್ದೆ.
ತಗಡಿನ ಶೆಡ್ಡಿನೊಳಗೆ ಗಾಳಿಯೇ ಬೆಳ್ಳಗೆ;
ರೆಪ್ಪೆ, ಹುಬ್ಬು, ಮೇಲ್ತುಟಿಯ ನವಿರು ಕೂದಲು,
ಮೂವತ್ತರ ಹೆಂಗಸರು ಮುದುಕಿಯರಾಗಿ ಹೊರಬಂದು
ನಲ್ಲಿಯ ಕೆಳಗೆ ಮುಖವಿಟ್ಟು
ಮತ್ತೆ ಮೂವತ್ತಕ್ಕೆ ಇಳಿಯುತ್ತಿದ್ದರು.

ಸೋಮವಾರ ಎದೆ ಹಿಡಿಯುತ್ತದೆ ಅವರಿಗೆ.
ಭಾನುವಾರದ ರಜೆ ಉಂಡ ಎದೆ
ತವರಿಂದ ಮರಳಿದ ಸೊಸೆಯಂತೆ
ಬಾಗಿಲಲ್ಲೇ ನಿಂತುಬಿಡುತ್ತದೆ.
ಮಂಗಳವಾರ ಒಗ್ಗಿಕೊಳ್ಳುತ್ತದೆ.
ಅದಕ್ಕೊಂದು ಗ್ರೀಕ್ ಹೆಸರಿದೆ, ನನ್ನ ಶೀರ್ಷಿಕೆಯಲ್ಲಿತ್ತು.
ಅವರು 'ಸೋಮಾರದ್ದು' ಅನ್ನುತ್ತಿದ್ದರು,
ತಪ್ಪದೆ ಬರುವ ನೆಂಟನ ಬಗ್ಗೆ ಹೇಳಿದ ಹಾಗೆ.

ನನ್ನ ಕೈಯಲ್ಲಿ ಪ್ಲಾಸ್ಟಿಕ್ ಕೊಳವೆ, ಮೇಲೊಂದು ಕೆಂಪು ಮುಳ್ಳು.
ಒಂದೇ ದಮ್ಮಿಗೆ ಊದಬೇಕು.
ಮುಳ್ಳು ಎಲ್ಲಿ ನಿಂತಿತೋ ಅದೇ ಅಂಕಿ.
ಮೂರು ಸಲ ಊದಿಸಿ ದೊಡ್ಡದನ್ನು ಬರೆದುಕೊಳ್ಳುವುದು.
ನೂರ ಮೂವತ್ತೆರಡು ಮಂದಿ.
ಚೆನ್ನಾಗಿ ಊದಿದರು,
ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ.
ಹಾನಿ ಸೌಮ್ಯ ಎಂದು ಬರೆದೆ.
ಸೌಮ್ಯ, ನನ್ನ ತಂಗಿಯ ಮಗಳ ಹೆಸರು ಕೂಡ.

ಆ ಒಂದು ಪದ ಎಲ್ಲೆಲ್ಲಿಗೆ ಹೋಯಿತು.
ಪಠ್ಯಪುಸ್ತಕದ ಅಧ್ಯಾಯಕ್ಕೆ, ಇಲಾಖೆಯ ವರದಿಗೆ,
ಒಂದು ದಿನ ಮಾಲೀಕರ ಸಂಘದ ಮನವಿಗೂ.
ಧೂಳು ಎಳೆಯುವ ಫ್ಯಾನು ಯಾಕೆ ಬೇಡ
ಎಂಬ ವಾಕ್ಯದ ತುದಿಗೆ ಪುಟ್ಟ ಅಂಕಿ,
ಪುಟದ ಕೆಳಗೆ ನನ್ನ ಹೆಸರು, ಇನಿಷಿಯಲ್ ಸಮೇತ.

ಕಳೆದ ತಿಂಗಳು ತೀನ್ ಕಂದೀಲ್ ಹತ್ತಿರ
ಬದನೆಕಾಯಿ ಆರಿಸುವಾಗ
"ಮೇಡಮ್ಮಾರ, ಗುರ್ತು ಸಿಕ್ಕಿತೇನ್ರಿ?" ಅಂದಳು ಮಾರುವವಳು.
ಸಿಕ್ಕಿರಲಿಲ್ಲ. ಕ್ರಮಸಂಖ್ಯೆ ಹೇಳಿದ್ದರೆ ಸಿಗುತ್ತಿತ್ತೇನೋ.
ಮಾಣಿಕಮ್ಮ. ಮಿಲ್ಲು ಬಿಟ್ಟು ನಾಲ್ಕು ವರ್ಷ.
ತಕ್ಕಡಿ ಎತ್ತುವ ಮೊದಲು ಒಂದು ಕ್ಷಣ ನಿಲ್ಲುತ್ತಾಳೆ.
ನಗುತ್ತ ಹೇಳಿದಳು:

"ನೀವು ಬರ್ತೀರಂತ ಮೊದ್ಲಾ ಗೊತ್ತಿತ್ರಿ.
ಕಡಿಮಿ ಊದಿದವ್ರನ್ನ ತೆಗದು ಹಾಕ್ತಾರಂತ
ಮೇಸ್ತ್ರಿ ಹೇಳಿದ್ದ.
ಎಂಟು ದಿನ ಓಣ್ಯಾಗ ಎಲ್ಲಾರು ಒಲಿ ಮುಂದ ಕುಂತು
ಊದುಗೊಳವಿ ಊದಿದ್ದೇ ಊದಿದ್ದು,
ಗ್ವಾಡಿ ತುಂಬ ಬೂದಿ.
ನಮ್ಮ ಖಾಸಿಂಬಿಗೆ ಆಗಲೇ ಇಲ್ಲ ನೋಡ್ರಿ.
ಆಕಿ ಹೆಸರಿಗೂ ನಾನಾ ಬಂದು ಊದೀನಿ.
ನಿಮಗ ತಿಳೀಲಿಲ್ಲ,
ಎಲ್ಲಾರ ಮುಖಾ ಬೆಳ್ಳಗಿತ್ತಲ್ಲ."

ಅರ್ಧ ಕಿಲೋ ತೂಗಿ, ಮೇಲೊಂದು ಹಾಕಿದಳು.
ಖಾಸಿಂಬಿ ಈಗ ಎಲ್ಲಿ ಎಂದೆ.
"ಅದಾ ವರ್ಷ, ಬಕ್ರೀದ್ ಇನ್ನೂ ಎಂಟು ದಿನ ಇತ್ತು"
ಅಂದು ಚಿಲ್ಲರೆ ಎಣಿಸಿದಳು.

ತಿದ್ದುಪಡಿ ಬರೆದೆ. ಆರು ಸಾಲು.
'ಮಾಪನದಲ್ಲಿ ದೋಷದ ಸಾಧ್ಯತೆ' ಎಂದು ಬರೆದು ಹೊಡೆದು ಹಾಕಿದೆ.
'ಭಾಗವಹಿಸಿದವರು ಹೆದರಿದ್ದರು' ಎಂದು ಬರೆದೆ.
ಸಂಪಾದಕರು ಸಾಕ್ಷ್ಯ ಕೇಳಿದ್ದಾರೆ.
ಪಕ್ಕದ ಕೋಣೆಯ ಹಂಪಯ್ಯ ಸರ್ ಚಹಾ ಹೀರುತ್ತ
"ತಿದ್ದುಪಡಿಯನ್ನು ಯಾರೂ ಓದುವುದಿಲ್ಲಮ್ಮ,
ನೂರ ಎಂಬತ್ತು ಮಂದಿಗೂ ಕಾಗದ ಬರೀತೀಯಾ?" ಅಂದರು.
ಗೇಲಿಯಲ್ಲ, ನಿಜವಾಗಿ ಕೇಳಿದರು.
ಹದಿನೇಳು ಜನರಿಗೆ ಬರೆದಿದ್ದೇನೆ.
ಉಜ್ಬೇಕಿಸ್ತಾನದವರು ಧನ್ಯವಾದ ಹೇಳಿ
ತಮ್ಮ ಹೊಸ ಲೇಖನ ಕಳಿಸಿದ್ದಾರೆ.

ಡ್ರಾಯರಿನಲ್ಲಿ ಆ ಕೊಳವೆ ಇನ್ನೂ ಇದೆ.
ಕೊನೆಯವಳು ಊದಿದಲ್ಲೇ ಕೆಂಪು ಮುಳ್ಳು ನಿಂತಿದೆ,
ಮುನ್ನೂರ ಹತ್ತರ ಹತ್ತಿರ.
ಬೆರಳಿನಿಂದ ಕೆಳಗೆ ತಳ್ಳಿದರೆ ಸೊನ್ನೆಗೆ ಬರುತ್ತದೆ.
ತಳ್ಳಿಲ್ಲ.